ಪುರುಷನ ಪಾಲಿನ ಹೊಣೆ ಮತ್ತು ಒಂದು ಪುಟ್ಟ ಮಾತ್ರೆ

1930ರ ಜೂನ್ ತಿಂಗಳಲ್ಲಿ ಮೈಸೂರು ಸರ್ಕಾರ ಒಂದು ಆದೇಶ ಹೊರಡಿಸಿತು. ಸಂಸ್ಥಾನದ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಬೇಕೆಂಬುದು ಅದರ ಸಾರ. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಜಗತ್ತಿನ ಬಹುಪಾಲು ಸರ್ಕಾರಗಳು ಈ ಮಾತನ್ನು ಕಡತದಲ್ಲಿ ಬರೆಯಲೂ ಅಂಜುತ್ತಿದ್ದ ಕಾಲ ಅದು. ಸರ್ಕಾರವೊಂದು ತಾನಾಗಿ ಮುಂದೆ ಬಂದು ಇಂಥ ಚಿಕಿತ್ಸಾಲಯಗಳನ್ನು ನಡೆಸಲು ತೀರ್ಮಾನಿಸಿದ ಮೊಟ್ಟಮೊದಲ ನಿದರ್ಶನಗಳಲ್ಲಿ ಇದನ್ನು ಜನಸಂಖ್ಯಾಶಾಸ್ತ್ರಜ್ಞರು ಇಂದಿಗೂ ಎಣಿಸುತ್ತಾರೆ. ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ನಾವು ಇದನ್ನು ಓದಿದ್ದೆವು. 1951-52ರಲ್ಲಿ ವಿಶ್ವಸಂಸ್ಥೆಯ ಸಹಯೋಗದಲ್ಲಿ ನಡೆದ ಮೈಸೂರು ಜನಸಂಖ್ಯಾ ಅಧ್ಯಯನವನ್ನೂ ಓದಿದ್ದೆವು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯಬಹುದಾದ ಹೆಮ್ಮೆಯ ವಿಷಯವದು.

ಆ ಹೆಮ್ಮೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನು ಇಟ್ಟು ನೋಡಬೇಕು. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಸ್ತ್ರೀ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದವರು ಶೇ 37.9, ಪುರುಷ ಸಂತಾನಹರಣ ಶೇ 0.3. ಕರ್ನಾಟಕದಲ್ಲಿ ಈ ಅಂತರ ಇನ್ನೂ ವಿಕಾರವಾಗಿದೆ. ಸ್ತ್ರೀಯರ ಪಾಲು ಶೇ 57ನ್ನು ಮುಟ್ಟಿದರೆ ಪುರುಷರ ಪಾಲು ಶೂನ್ಯಕ್ಕೆ ಸಮೀಪದಲ್ಲಿದೆ. ಒಂದು ಕೆಲಸದಲ್ಲಿ ಇಬ್ಬರು ಪಾಲುದಾರರಿದ್ದು, ಅದರ ವೆಚ್ಚವನ್ನೆಲ್ಲ ಒಬ್ಬರೇ ಭರಿಸುತ್ತಿದ್ದರೆ ಅರ್ಥಶಾಸ್ತ್ರಜ್ಞರು ಅದನ್ನು ವಿಕೃತ ಮಾರುಕಟ್ಟೆ ಎನ್ನುತ್ತಾರೆ. ನಾವು ಅದನ್ನು ಸಂಸಾರ ಎನ್ನುತ್ತೇವೆ.

ಇದು ಮೊದಲಿನಿಂದಲೂ ಹೀಗಿರಲಿಲ್ಲ. ಅರವತ್ತರ ದಶಕದಲ್ಲಿ ಸಂತಾನಹರಣವೆಂದರೆ ಬಹುಮಟ್ಟಿಗೆ ಪುರುಷರದೇ ಆಗಿತ್ತು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ಪುರುಷರವು. ಬಲವಂತದ ಆ ವರ್ಷ ಸರ್ಕಾರವನ್ನೇ ಉರುಳಿಸಿತು. ಅದರ ಜೊತೆಗೆ 'ವ್ಯಾಸೆಕ್ಟಮಿ' ಎಂಬ ಪದವನ್ನೂ ಊರೂರುಗಳಿಂದ ಓಡಿಸಿತು. ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ತಾಲ್ಲೂಕು ಮಟ್ಟದ ಗುರಿಗಳು ಇನ್ನೂ ಜೀವಂತವಾಗಿದ್ದವು. ಮಾರ್ಚ್ ತಿಂಗಳು ಬಂತೆಂದರೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕುಟುಂಬ ಕಲ್ಯಾಣದ ಕಲಂ ಎದುರು ಶೇಕಡಾವಾರು ಓದಲಾಗುತ್ತಿತ್ತು. ಆ ಸಂಖ್ಯೆಯ ಹಿಂದೆ ಶಾಲಾ ಕೊಠಡಿಯ ನೆಲದ ಮೇಲೆ ಸಾಲಾಗಿ ಮಲಗಿದ ಹೆಂಗಸರಿರುತ್ತಿದ್ದರು, ಗಂಡಸರು ಹೊರಗೆ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದರು. 1996ರಲ್ಲಿ ಗುರಿಗಳು ರದ್ದಾದವು, ಶಿಬಿರಗಳು ಉಳಿದವು. 2014ರ ನವೆಂಬರ್‌ನಲ್ಲಿ ಛತ್ತೀಸಗಢದ ಬಿಲಾಸ್‌ಪುರ ಜಿಲ್ಲೆಯ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ಹದಿಮೂರು ಮಹಿಳೆಯರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮೂರು ವರ್ಷಗಳೊಳಗೆ ಶಿಬಿರಗಳನ್ನು ನಿಲ್ಲಿಸುವಂತೆ ಸೂಚಿಸಬೇಕಾಯಿತು.

ಪುರುಷರ ಪಾಲು ಇಷ್ಟು ಕ್ಷೀಣವಾಗಲು ಭಯ, ಅಹಂಕಾರ, ಅಜ್ಞಾನ ಎಲ್ಲವೂ ಕಾರಣವೆಂದು ಹೇಳುವುದು ವಾಡಿಕೆ. ಅದು ನಿಜವೇ. ಆದರೆ ಪುರುಷನಿಗೆ ಲಭ್ಯವಿರುವ ಸಾಧನಗಳು ಎರಡೇ ಎರಡು, ನಿರೋಧ್ ಮತ್ತು ಕತ್ತರಿ, ಎಂಬುದೂ ಅಷ್ಟೇ ನಿಜ. ಮಾತ್ರೆ ಎಂಬುದು ಅವನಿಗಿಲ್ಲ. ಏಕಿಲ್ಲ ಎಂಬ ಪ್ರಶ್ನೆಗೆ ನಾನು ತಲುಪಿದ್ದು ಯಾವ ಜನಸಂಖ್ಯಾ ವರದಿಯಿಂದಲೂ ಅಲ್ಲ, ನನ್ನದೇ ಔಷಧದ ಚೀಟಿಯಿಂದ.

ನಿವೃತ್ತಿಯಾದ ಮೂರನೆಯ ವರ್ಷ ರಾತ್ರಿ ನಾಲ್ಕೈದು ಬಾರಿ ಏಳುವುದು ಮೊದಲಾಯಿತು. ವೈದ್ಯರು ಪರೀಕ್ಷಿಸಿ, ಪ್ರಾಸ್ಟೇಟ್ ಗ್ರಂಥಿ ಹಿಗ್ಗಿದೆ, ಕ್ಯಾನ್ಸರ್ ಅಲ್ಲ, ಈ ವಯಸ್ಸಿನಲ್ಲಿ ಸಹಜ ಎಂದರು. ಟ್ಯಾಮ್ಸುಲೊಸಿನ್ ಎಂಬ 0.4 ಮಿಲಿಗ್ರಾಂನ ಕ್ಯಾಪ್ಸೂಲ್ ಬರೆದುಕೊಟ್ಟರು. ಸುದ್ದಗುಂಟೆಪಾಳ್ಯದ ಉದ್ಯಾನದಲ್ಲಿ ಬೆಳಿಗ್ಗೆ ಸೇರುವ ನಮ್ಮ ಎಂಟು ಜನರ ಗುಂಪಿನಲ್ಲಿ ಐವರು ಇದನ್ನೋ ಇದರ ಸೋದರರನ್ನೋ ನುಂಗುವವರು. ರಕ್ತದೊತ್ತಡ, ಸಕ್ಕರೆಯ ಬಗ್ಗೆ ಅರ್ಧ ಗಂಟೆ ಮಾತನಾಡುವ ಇವರು ಈ ವಿಷಯ ಬಂದಾಗ ಮಾತ್ರ ಹವಾಮಾನದ ಕಡೆಗೆ ತಿರುಗುತ್ತಾರೆ. ಔಷಧದ ಜೊತೆ ಬರುವ, ಭೂತಗನ್ನಡಿಯಿಲ್ಲದೆ ಓದಲಾಗದ ಕಾಗದವನ್ನು ಪೂರ್ತಿ ಓದುವುದು ನನ್ನ ಹಳೆಯ ಕಡತದ ಅಭ್ಯಾಸ. ಅದರಲ್ಲಿ 'ಆಲ್ಫಾ-1 ಅಡ್ರಿನರ್ಜಿಕ್ ಗ್ರಾಹಕ' ಎಂಬ ಪದವಿತ್ತು. ಅಲ್ಲಿಂದ ಹುಡುಕಾಟ ಶುರುವಾಯಿತು.

ವಿಷಯ ಹೀಗಿದೆ. ಅಪಾಯ ಎದುರಾದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್, ನಾರಡ್ರಿನಲಿನ್ ಎಂಬ ರಾಸಾಯನಿಕಗಳು ಹೊರಡುತ್ತವೆ. ಹೃದಯ ಜೋರಾಗಿ ಬಡಿಯುತ್ತದೆ, ಚರ್ಮದ ರಕ್ತನಾಳಗಳು ಬಿಗಿಯುತ್ತವೆ, ಶ್ವಾಸನಾಳಗಳು ಸಡಿಲಗೊಳ್ಳುತ್ತವೆ. ಒಂದೇ ರಾಸಾಯನಿಕ ಒಂದೆಡೆ ಬಿಗಿಸಿ ಇನ್ನೊಂದೆಡೆ ಸಡಿಲಿಸುವುದು ಹೇಗೆ? ಅಮೆರಿಕದ ಜಾರ್ಜಿಯಾದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಜೀವಕೋಶಗಳ ಮೇಲೆ ಎರಡು ಬಗೆಯ ಗ್ರಾಹಕಗಳಿವೆ. ಅವುಗಳನ್ನು ಆಲ್ಫಾ, ಬೀಟಾ ಎಂದು ಕರೆಯೋಣ ಎಂದರು. ಸರ್ಕಾರದಲ್ಲಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಚಿವಾಲಯದಿಂದ ಹೊರಡುವ ಸುತ್ತೋಲೆ ಒಂದೇ, ಅದನ್ನು ಓದಿ ಕಂದಾಯ ಇಲಾಖೆ ಮಾಡುವುದು ಒಂದು, ಅರಣ್ಯ ಇಲಾಖೆ ಮಾಡುವುದು ಅದಕ್ಕೆ ತದ್ವಿರುದ್ಧ. ಆಲ್‌ಕ್ವಿಸ್ಟರ ಪ್ರಬಂಧವನ್ನು ಔಷಧಶಾಸ್ತ್ರದ ಪತ್ರಿಕೆಯೊಂದು ಮೊದಲು ತಿರಸ್ಕರಿಸಿತ್ತು ಎಂಬುದು ಆ ಕ್ಷೇತ್ರದ ಪ್ರಸಿದ್ಧ ಕಥೆ. ಅದೇ ಕಲ್ಪನೆಯ ಮೇಲೆ ಜೇಮ್ಸ್ ಬ್ಲ್ಯಾಕ್ ಹೃದಯಕ್ಕಾಗಿ ಪ್ರೊಪ್ರನಲಾಲ್ ರೂಪಿಸಿದರು, 1988ರಲ್ಲಿ ನೊಬೆಲ್ ಪಡೆದರು. ಬೀಟಾ ಗ್ರಾಹಕದ ಅಣುರೂಪವನ್ನೇ ತೆರೆದು ತೋರಿಸಿದ ರಾಬರ್ಟ್ ಲೆಫ್ಕೊವಿಟ್ಜ್ ಮತ್ತು ಬ್ರಯಾನ್ ಕೊಬಿಲ್ಕಾ 2012ರಲ್ಲಿ ಅದೇ ಗೌರವಕ್ಕೆ ಪಾತ್ರರಾದರು.

ಈ ಕಥೆಯಲ್ಲಿ ನಮ್ಮ ನೆಲದ ಗಿಡವೊಂದಕ್ಕೂ ಪಾತ್ರವಿದೆ. ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಸರ್ಪಗಂಧಿಯ ಬೇರಿನಿಂದ ರಕ್ತದೊತ್ತಡ ಇಳಿಯುತ್ತದೆಂದು ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದು ಜಗತ್ತಿನ ಗಮನ ಸೆಳೆದರು. ಅದರ ಸತ್ವವಾದ ರಿಸರ್ಪಿನ್ ಮಾಡುವ ಕೆಲಸ ಇಷ್ಟೇ: ನರದ ತುದಿಯಲ್ಲಿ ಶೇಖರವಾಗಿರುವ ನಾರಡ್ರಿನಲಿನ್ ಅನ್ನು ಬರಿದು ಮಾಡುವುದು. ಸುತ್ತೋಲೆಯೇ ಹೊರಡದಿದ್ದರೆ ಇಲಾಖೆಗಳು ಸುಮ್ಮನಿರಬೇಕಷ್ಟೆ.

ಪ್ರಾಸ್ಟೇಟ್ ಗ್ರಂಥಿಗೆ ಬರೋಣ. ಮೂತ್ರಕೋಶದ ಬುಡದಲ್ಲಿ ಮೂತ್ರನಾಳವನ್ನು ಬಳೆಯಂತೆ ಸುತ್ತಿಕೊಂಡಿರುವ ಈ ಗ್ರಂಥಿ ಗರ್ಭದ ಮೂರನೆಯ ತಿಂಗಳ ಹೊತ್ತಿಗೆ ಮೊಳೆಯುತ್ತದೆ. ಅದನ್ನು ಮೊಳೆಯಿಸುವುದು ಗಂಡು ಹಾರ್ಮೋನು. ನಿಖರವಾಗಿ ಹೇಳುವುದಾದರೆ ಟೆಸ್ಟೊಸ್ಟಿರೋನ್ ಪರಿವರ್ತನೆಗೊಂಡು ಉಂಟಾಗುವ ಡೈಹೈಡ್ರೊಟೆಸ್ಟೊಸ್ಟಿರೋನ್. ಈ ಪರಿವರ್ತನೆಯ ಕಿಣ್ವ ಹುಟ್ಟಿನಿಂದಲೇ ಕೊರತೆಯಿದ್ದ ಕೆಲವು ಕುಟುಂಬಗಳನ್ನು ಡೊಮಿನಿಕನ್ ಗಣರಾಜ್ಯದಲ್ಲಿ ಜೂಲಿಯನ್ ಇಂಪೆರಾಟೊ-ಮೆಕ್‌ಗಿನ್ಲಿ ಅಧ್ಯಯನ ಮಾಡಿ 1974ರಲ್ಲಿ ವರದಿ ಮಾಡಿದರು. ಅಲ್ಲಿನ ಪುರುಷರ ಪ್ರಾಸ್ಟೇಟ್ ಜೀವನಪೂರ್ತಿ ಪುಟ್ಟದಾಗಿಯೇ ಉಳಿದಿತ್ತು. ಅದರಿಂದಲೇ ಫಿನಾಸ್ಟರೈಡ್ ಎಂಬ ಔಷಧ ಹುಟ್ಟಿತು. ಹದಿಹರೆಯದಲ್ಲಿ ಬೆಳೆದು ಸುಮಾರು 20 ಗ್ರಾಂ ತೂಗುವ ಗ್ರಂಥಿ, ನಲವತ್ತೈದು ದಾಟಿದ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಎರಡನೆಯ ಸಲ ಬೆಳೆಯತೊಡಗುತ್ತದೆ. ಐವತ್ತರಿಂದ ಅರವತ್ತರ ನಡುವಿನ ಪುರುಷರಲ್ಲಿ ಅರ್ಧದಷ್ಟು ಮಂದಿಯಲ್ಲಿ ಈ ಬೆಳವಣಿಗೆಯ ಗುರುತು ಸೂಕ್ಷ್ಮದರ್ಶಕಕ್ಕೆ ಸಿಗುತ್ತದೆ.

ಆದರೆ ಹಾರ್ಮೋನು ಒಂದೇ ಯಜಮಾನನಲ್ಲ. ಗ್ರಂಥಿಗೆ ಬರುವ ಅನುವೇದನಾ ನರಗಳನ್ನು ಇಲಿಗಳಲ್ಲಿ ಕತ್ತರಿಸಿದಾಗ ಗ್ರಂಥಿ ಕುಗ್ಗುತ್ತದೆಂದು ತೊಂಬತ್ತರ ದಶಕದ ಪ್ರಯೋಗಗಳು ತೋರಿಸಿದವು. ಅಂದರೆ ನಾರಡ್ರಿನಲಿನ್ ಹೊತ್ತು ತರುವ ನರಗಳು ಗ್ರಂಥಿಯನ್ನು ಹಿಂಡುವುದಷ್ಟೇ ಅಲ್ಲ, ಅದನ್ನು ಪೋಷಿಸುತ್ತಲೂ ಇವೆ. 2013ರಲ್ಲಿ ಕ್ಲೇರ್ ಮ್ಯಾಗ್ನನ್, ಪಾಲ್ ಫ್ರೆನೆಟ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಲಿಗಳ ಪ್ರಾಸ್ಟೇಟ್ ಕ್ಯಾನ್ಸರ್ ಬೇರೂರಲು ಅಡ್ರಿನರ್ಜಿಕ್ ನರಗಳೂ ಗ್ರಂಥಿಯ ಸುತ್ತಲ ಅಂಗಾಂಶದಲ್ಲಿರುವ ಬೀಟಾ ಗ್ರಾಹಕಗಳೂ ಬೇಕೆಂದು ತೋರಿಸಿದರು. ಮನುಷ್ಯರ ವಿಷಯದಲ್ಲಿ ಇದು ಎಷ್ಟು ಸತ್ಯವೆಂಬುದು ಇನ್ನೂ ತೀರ್ಮಾನವಾಗಬೇಕು. ಇಲಿಯಿಂದ ಮನುಷ್ಯನಿಗೆ ನೆಗೆಯುವ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿ ಓದಿ ನನಗೆ ಸ್ವಲ್ಪ ಎಚ್ಚರಿಕೆ ಬಂದಿದೆ.

ಔಷಧವಾಗಿ ಒದಗಿದ್ದು ಗ್ರಂಥಿಯ ಬಿಗಿತದ ಸಂಗತಿ. 1975ರಲ್ಲಿ ಜೆರುಸಲೇಮಿನ ಮಾರ್ಕೊ ಕೇನ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಪ್ರಾಸ್ಟೇಟಿನ ತುಣುಕುಗಳನ್ನು ಪರೀಕ್ಷಿಸಿ, ಅದರ ಅನೈಚ್ಛಿಕ ಸ್ನಾಯುಗಳಲ್ಲಿ ಆಲ್ಫಾ ಗ್ರಾಹಕಗಳು ಸಮೃದ್ಧವಾಗಿವೆ ಎಂದು ಕಂಡರು. ಮೂತ್ರಕ್ಕೆ ತಡೆಯಾಗುವುದು ಗ್ರಂಥಿಯ ಗಾತ್ರದಿಂದ ಮಾತ್ರವಲ್ಲ, ಆ ಸ್ನಾಯುಗಳ ಬಿಗಿತದಿಂದಲೂ ಎಂದ ಮೇಲೆ ಚಾಕುವಿಗೆ ಬದಲು ಮಾತ್ರೆ ಸಾಧ್ಯವಾಯಿತು. ಮೊದಲ ಔಷಧಗಳು ರಕ್ತನಾಳಗಳನ್ನೂ ಸಡಿಲಿಸಿ ರೋಗಿಯನ್ನು ತಲೆಸುತ್ತಿ ಬೀಳಿಸುತ್ತಿದ್ದವು. ಆಲ್ಫಾ-1 ಗ್ರಾಹಕದಲ್ಲೇ ಎ, ಬಿ, ಡಿ ಎಂಬ ಮೂರು ಉಪಜಾತಿಗಳಿದ್ದು, ಪ್ರಾಸ್ಟೇಟಿನಲ್ಲಿ 'ಎ'ಯದೇ ಪ್ರಾಬಲ್ಯ ಎಂದು ತಿಳಿದದ್ದು ಆ ನಂತರ. ಜಪಾನಿನಲ್ಲಿ ಟ್ಯಾಮ್ಸುಲೊಸಿನ್ 1993ರಲ್ಲಿ, ಇನ್ನೂ ಹೆಚ್ಚು ಆಯ್ದು ಕೆಲಸ ಮಾಡುವ ಸಿಲೊಡೊಸಿನ್ 2006ರಲ್ಲಿ ಬಂದವು. ಇಂದು ಅವು ಭಾರತದಲ್ಲಿ ಹತ್ತಾರು ಹೆಸರುಗಳಲ್ಲಿ, ದಿನಕ್ಕೊಂದು ಹೋಟೆಲ್ ಕಾಫಿಯ ಬೆಲೆಗೆ ಸಿಗುತ್ತವೆ.

ಈ ಆಲ್ಫಾ-1ಎ ಗ್ರಾಹಕ ಪ್ರಾಸ್ಟೇಟಿನಲ್ಲಿ ಮಾತ್ರ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ವೀರ್ಯಾಣುಗಳನ್ನು ಹೊತ್ತು ತರುವ ನಾಳದಲ್ಲಿ, ವೀರ್ಯಕೋಶಗಳಲ್ಲಿ, ಮೂತ್ರಕೋಶದ ಕೊರಳಿನಲ್ಲಿ ಅದೇ ಗ್ರಾಹಕವಿದೆ. ಸ್ಖಲನದ ಮೊದಲ ಹಂತವೆಂದರೆ ಇವೆಲ್ಲವೂ ನಾರಡ್ರಿನಲಿನ್ನಿನ ಆಜ್ಞೆಗೆ ಒಟ್ಟಾಗಿ ಸಂಕುಚಿಸುವುದು. ಅದಕ್ಕೆ ತಡೆಯೊಡ್ಡಿದರೆ ಉಳಿದೆಲ್ಲ ಸುಖವೂ ಸ್ವಾಭಾವಿಕವಾಗಿದ್ದು, ವೀರ್ಯ ಮಾತ್ರ ಹೊರಬರುವುದಿಲ್ಲ. ಅಮೆರಿಕದ ಪರೀಕ್ಷೆಗಳಲ್ಲಿ ಸಿಲೊಡೊಸಿನ್ ಸೇವಿಸಿದವರಲ್ಲಿ ಶೇ 28 ಮಂದಿ ಈ ಪರಿಣಾಮವನ್ನು ವರದಿ ಮಾಡಿದರು. 2006ರಲ್ಲಿ ಹೆಲ್‌ಸ್ಟ್ರಾಮ್ ಮತ್ತು ಸಿಕ್ಕಾ 48 ಮಂದಿ ಆರೋಗ್ಯವಂತ ಪುರುಷರಿಗೆ ಟ್ಯಾಮ್ಸುಲೊಸಿನ್ನಿನ ಇಮ್ಮಡಿ ಪ್ರಮಾಣ ಕೊಟ್ಟು ನೋಡಿದಾಗ ಸುಮಾರು ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ವೀರ್ಯದ ಪ್ರಮಾಣ ತಗ್ಗಿತ್ತು, ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಪೂರ್ತಿ ನಿಂತಿತ್ತು. ಅದೇ ಗುಂಪಿನ ಔಷಧವಾದ ಆಲ್ಫುಜೊಸಿನ್ ಹಾಗೆ ಮಾಡಲಿಲ್ಲ. ಅರವತ್ತೈದರ ಮುದುಕನಿಗೆ ಇದು ಅಲಕ್ಷಿಸಬಹುದಾದ ಸಂಗತಿ ಎಂದು ವೈದ್ಯರು ಭಾವಿಸುತ್ತಾರೆ. (ಮುದುಕರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.) ಆದರೆ ಈ ಔಷಧಗಳನ್ನು ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಜಾರಿಸಲು, ಮೂತ್ರಕೋಶದ ಕೊರಳಿನ ಬಿಗಿತಕ್ಕೆ, ಮೂವತ್ತರ ಹರೆಯದವರಿಗೂ ಕೊಡುತ್ತಾರೆ.

ತಾವರೆಕೆರೆ ಮುಖ್ಯರಸ್ತೆಯ ಔಷಧ ಅಂಗಡಿಯಲ್ಲಿ ಒಂದು ಸಂಜೆ ನಮ್ಮ ಬೀದಿಯ ತರುಣರೊಬ್ಬರು ಸಿಕ್ಕರು. ಸಾಫ್ಟ್‌ವೇರ್ ನೌಕರಿ, ಮದುವೆಯಾಗಿ ಐದು ವರ್ಷ. ಅಂಗಡಿಯವರು ಇಬ್ಬರ ಮುಂದೆಯೂ ಒಂದೇ ಬಗೆಯ ಪಟ್ಟಿ ಇಟ್ಟರು. "ಅಂಕಲ್, ನೀವೂ ಇದೇನಾ?" ಎಂದರು ಆತ. "ಇದು ನಮ್ಮ ವಯಸ್ಸಿನವರದ್ದಪ್ಪಾ, ನಿನಗೇಕೆ?" ಎಂದು ನಾನು ಕೇಳಿದೆ. ದಾರಿಯುದ್ದಕ್ಕೂ ಮಾತು ನಿಧಾನವಾಗಿ ಹೊರಬಂತು. ಎರಡು ವರ್ಷದಿಂದ ಸಿಲೊಡೊಸಿನ್. ಒಂದು ವರ್ಷದಿಂದ ಆತನ ಪತ್ನಿಗೆ ಸ್ಕ್ಯಾನು, ಗರ್ಭನಾಳದ ಎಕ್ಸ್-ರೇ, ಹಾರ್ಮೋನು ಚುಚ್ಚುಮದ್ದು. ಆಕೆಯ ಕಡತ ಒಂದು ಚೀಲದಷ್ಟು. ಈತನಿಗೆ ವೀರ್ಯ ಪರೀಕ್ಷೆಗೆ ಬರೆದುಕೊಟ್ಟಿದ್ದರು. ಮಾದರಿ ಸಿಗದಿದ್ದಾಗ, ಕೆಲಸದ ಒತ್ತಡವಿರಬೇಕು, ಮುಂದಿನ ತಿಂಗಳು ನೋಡೋಣ ಎಂದು ಕಳುಹಿಸಿದ್ದರಂತೆ. ಬೇರೆ ಯಾವ ಔಷಧ ಸೇವಿಸುತ್ತಿದ್ದೀರಿ ಎಂದು ಒಬ್ಬರೂ ಕೇಳಿರಲಿಲ್ಲ. ತನಗಾಗುತ್ತಿದ್ದ ಬದಲಾವಣೆಯನ್ನು ಹೇಳಲು ಆತನಿಗೂ ನಾಲಿಗೆ ಬಂದಿರಲಿಲ್ಲ. ಮೂತ್ರಶಾಸ್ತ್ರ ತಜ್ಞರ ಬಳಿಗೆ ಮತ್ತೊಮ್ಮೆ ಹೋಗಿ, ಮಗು ಬೇಕೆಂದಿದ್ದೇವೆ ಎಂಬ ಒಂದೇ ವಾಕ್ಯ ಹೇಳುವಂತೆ ನಾನು ಸೂಚಿಸಿದೆ. ಔಷಧ ಬದಲಾಯಿತು, ಕೆಲವೇ ದಿನಗಳಲ್ಲಿ ಮಾದರಿಯೂ ದೊರೆಯಿತಂತೆ. ಮುಂದೇನಾಯಿತೆಂದು ನಾನು ಕೇಳಿಲ್ಲ, ಕೇಳುವ ವಿಷಯವೂ ಅಲ್ಲ.

ನಮ್ಮ ಬಡಾವಣೆಯಿಂದ ಹೊಸೂರು ರಸ್ತೆ ದಾಟಿದರೆ ಆಡುಗೋಡಿ. ಅಲ್ಲಿ 1923ರಲ್ಲಿ ಇಂಪೀರಿಯಲ್ ಸಂಸ್ಥೆಯಾಗಿ ಆರಂಭವಾದ ಡೇರಿ ಸಂಶೋಧನಾ ಕೇಂದ್ರವಿದೆ. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದ ಗಾಂಧೀಜಿ ಗೋಪಾಲನೆ ಕಲಿಯಲು ಅಲ್ಲಿಗೆ ಹೋಗುತ್ತಿದ್ದರು. ಪಕ್ಕದಲ್ಲೇ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ. ಹೋರಿಗಳ ಫಲವಂತಿಕೆ ಈ ಆವರಣಗಳಲ್ಲಿ ಗಂಭೀರ ಸಂಶೋಧನೆಯ ವಿಷಯ. ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ನೆರವಿನಿಂದ ಮೊದಲಾದ ಘನೀಕೃತ ವೀರ್ಯ ಕೇಂದ್ರವಿದೆ. ಅಂಥ ಕೇಂದ್ರದಿಂದ ಹೊರಡುವ ಕಾಲು ಮಿಲಿಲೀಟರಿನ ಪ್ರತಿ ಕಡ್ಡಿಯಲ್ಲಿ ಎರಡು ಕೋಟಿ ವೀರ್ಯಾಣುಗಳಿರಬೇಕು, ಕರಗಿಸಿದ ಮೇಲೂ ಅರ್ಧದಷ್ಟು ಚಲಿಸುತ್ತಿರಬೇಕು ಎಂದು ಕೇಂದ್ರ ಸರ್ಕಾರದ ಮಾನದಂಡ ಹೇಳುತ್ತದೆ. ಹಸು ಗಬ್ಬ ಕಟ್ಟಲಿಲ್ಲವೆಂದರೆ ಹೈನುಗಾರ ಮೊದಲು ಕೇಳುವುದು ಕಡ್ಡಿ ಯಾವ ಹೋರಿಯದೆಂದು. ಸೊಸೆಯ ವಿಷಯದಲ್ಲಿ ಅದೇ ಹೈನುಗಾರನ ಮನೆಯಲ್ಲಿ ಆ ಪ್ರಶ್ನೆ ಏಳುವುದಿಲ್ಲ. ಮಕ್ಕಳಾಗದ ದಂಪತಿಗಳ ಪೈಕಿ ಸರಿಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತಲೇ ಬಂದಿದೆ. ವೀರ್ಯ ಪರೀಕ್ಷೆಗಿಂತ ಅಗ್ಗದ, ನೋವಿಲ್ಲದ ಪರೀಕ್ಷೆ ಆ ಇಡೀ ಪಟ್ಟಿಯಲ್ಲಿ ಇನ್ನೊಂದಿಲ್ಲ. ಆದರೂ ಅದು ಪಟ್ಟಿಯ ಕೊನೆಯಲ್ಲಿರುತ್ತದೆ. ಜಯನಗರದಿಂದ ಬಿ.ಟಿ.ಎಂ. ಬಡಾವಣೆಯವರೆಗಿನ ಫಲವಂತಿಕೆ ಕೇಂದ್ರಗಳ ಫಲಕಗಳಲ್ಲಿ ತಾಯಿ ಮತ್ತು ಮಗುವಿನ ಚಿತ್ರವಿರುತ್ತದೆ, ತಂದೆಯ ಮುಖ ನಾನು ಹುಡುಕಬೇಕಾಗುತ್ತದೆ.

ಈಗ ಮೊದಲಿನ ಪ್ರಶ್ನೆ. ಮಗು ಬೇಕೆನ್ನುವವನಿಗೆ ಅಡ್ಡಿಯಾದ ಅಡ್ಡಪರಿಣಾಮ, ಬೇಡವೆನ್ನುವವನಿಗೆ ಪರಿಣಾಮವೇ ಆಗಬಾರದೇಕೆ? ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸ್ಯಾಬ್ ವೆಂಚುರಾ ಮತ್ತು ಸಂಗಡಿಗರು ಇದನ್ನು ಮೂಲದಿಂದ ಪರೀಕ್ಷಿಸಿದರು. ವೀರ್ಯನಾಳವನ್ನು ಹಿಂಡಲು ನರಗಳು ಎರಡು ಸಂದೇಶಗಳನ್ನು ಕಳುಹಿಸುತ್ತವೆ: ಒಂದು ನಾರಡ್ರಿನಲಿನ್, ಇನ್ನೊಂದು ಎಟಿಪಿ. ಎರಡರ ಗ್ರಾಹಕಗಳನ್ನೂ ತಳಿಸೂತ್ರದಲ್ಲೇ ತೆಗೆದುಹಾಕಿದ ಗಂಡಿಲಿಗಳು ಸಹಜವಾಗಿ ಕೂಡಿದವು, ಆದರೆ ಒಂದೂ ಮರಿಯಾಗಲಿಲ್ಲ. ಅವುಗಳ ವೀರ್ಯಾಣುಗಳನ್ನು ಹೊರತೆಗೆದು ಬಳಸಿದಾಗ ಆರೋಗ್ಯವಂತ ಮರಿಗಳೇ ಹುಟ್ಟಿದವು. ಹಾರ್ಮೋನಿಗೆ ಕೈ ಹಾಕಿಲ್ಲ, ವೀರ್ಯಾಣುವಿಗೆ ಹಾನಿಯಿಲ್ಲ, ದಾರಿಯನ್ನಷ್ಟೇ ಮುಚ್ಚಲಾಗಿದೆ. 2013ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಎರಡನೆಯ ಗ್ರಾಹಕಕ್ಕೆ ತಕ್ಕ ಮಾತ್ರೆ ಮಾತ್ರ ಆಗ ಸಿದ್ಧವಿರಲಿಲ್ಲ.

ನನಗೆ ಅಚ್ಚರಿಯೂ ಸಂತೋಷವೂ ಆದದ್ದು ಇದರ ಮುಂದಿನ ಅಧ್ಯಾಯ ನಮ್ಮ ಶಿರಸಿಯಲ್ಲಿ ನಡೆದಿದೆ ಎಂದು ತಿಳಿದಾಗ. ಅಲ್ಲಿನ ವೈದ್ಯರಾದ ಜಿ.ಎಸ್. ಭಟ್ ಮತ್ತು ಅನುರಾಧಾ ಶಾಸ್ತ್ರಿ, ಬೇಕಾದಾಗ ಮಾತ್ರ ನುಂಗುವ ಪುರುಷ ಗರ್ಭನಿರೋಧಕವಾಗಿ 8 ಮಿಲಿಗ್ರಾಂ ಸಿಲೊಡೊಸಿನ್ ಅನ್ನು ಹುಸಿಮಾತ್ರೆಯೊಡನೆ ಹೋಲಿಸಿ ಪ್ರಾಯೋಗಿಕ ಅಧ್ಯಯನ ನಡೆಸಿ, 'ವರ್ಲ್ಡ್ ಜರ್ನಲ್ ಆಫ್ ಯೂರಾಲಜಿ'ಯಲ್ಲಿ ಪ್ರಕಟಿಸಿದ್ದಾರೆ. ಫಲಿತಾಂಶ ಆಶಾದಾಯಕವೆಂದು ಅವರು ಹೇಳುತ್ತಾರೆ. ಅಧ್ಯಯನ ಚಿಕ್ಕದು, ಅವರೇ ಅದನ್ನು ಆರಂಭಿಕವೆಂದು ಕರೆದಿದ್ದಾರೆ. ಆದರೆ ಅಡಿಕೆ ತೋಟಗಳ ನಡುವಿನ ಒಂದು ತಾಲ್ಲೂಕು ಕೇಂದ್ರದಲ್ಲಿ, ಮಹಾನಗರದ ದೊಡ್ಡ ಸಂಸ್ಥೆಗಳು ಕೇಳದ ಪ್ರಶ್ನೆಯನ್ನು ಕೇಳಿದ್ದಾರೆ ಎಂಬುದನ್ನು ಗುರುತಿಸಲೇಬೇಕು.

ಕರ್ನಾಟಕಕ್ಕೆ ಇದು ಹೊಸ ದಾರಿಯೇನೂ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್.ಆರ್. ಮೌದ್ಗಲ್ ದಶಕಗಳ ಕಾಲ ಮಂಗಗಳಲ್ಲಿ ಎಫ್‌ಎಸ್‌ಎಚ್ ಹಾರ್ಮೋನಿನ ವಿರುದ್ಧ ಲಸಿಕೆಯ ಪ್ರಯೋಗ ನಡೆಸಿದರು. 1997ರಲ್ಲಿ ಕೆಲವೇ ಸ್ವಯಂಸೇವಕರ ಮೇಲಿನ ಪ್ರಾಥಮಿಕ ಫಲಿತಾಂಶವನ್ನೂ ಅವರ ತಂಡ ಪ್ರಕಟಿಸಿತು. ಅದು ಔಷಧವಾಗಿ ಹೊರಬರಲಿಲ್ಲ. ಖರಗ್‌ಪುರ ಐಐಟಿಯ ಸುಜಯ್ ಗುಹಾ ಎಪ್ಪತ್ತರ ದಶಕದಲ್ಲಿ ಕೈಗೆತ್ತಿಕೊಂಡ, ವೀರ್ಯನಾಳಕ್ಕೆ ಚುಚ್ಚುವ 'ರಿಸಗ್' ವಿಧಾನದ 303 ಪುರುಷರ ಮೇಲಿನ ಪರೀಕ್ಷೆಯ ಫಲಿತಾಂಶ ಪ್ರಕಟವಾದದ್ದು 2023ರಲ್ಲಿ. ಒಬ್ಬ ವಿಜ್ಞಾನಿಯ ಇಡೀ ವೃತ್ತಿಜೀವನ ಒಂದು ಚುಚ್ಚುಮದ್ದಿನ ಹಿಂದೆ ಸವೆದಿದೆ.

ಇಷ್ಟು ನಿಧಾನವೇಕೆಂಬುದು ನನ್ನ ವಿಷಯಕ್ಕೆ ಹತ್ತಿರದ ಪ್ರಶ್ನೆ. ಹೊಸ ಬಳಕೆಗೆ ಅನುಮತಿ ಪಡೆಯಲು ಸಾವಿರಾರು ದಂಪತಿಗಳ ಮೇಲೆ, ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು. ಹತ್ತಾರು ಕಂಪನಿಗಳು ಈಗಾಗಲೇ ಅಗ್ಗವಾಗಿ ತಯಾರಿಸುವ ಮಾತ್ರೆಗೆ ಆ ಹಣ ಸುರಿಯುವವರು ಯಾರು? ಖರ್ಚು ಒಬ್ಬನದು, ಲಾಭ ಎಲ್ಲರದು. ಇಂಥ ಕಡೆ ಮಾರುಕಟ್ಟೆ ಕೈಕಟ್ಟಿ ಕೂರುತ್ತದೆ, ಆಗ ಸರ್ಕಾರ ಬರಬೇಕೆಂಬುದು ಸಾರ್ವಜನಿಕ ಹಣಕಾಸಿನ ಮೊದಲ ಪಾಠ. ಸರ್ಕಾರದ ಲೆಕ್ಕ ಬೇರೆ. ಹೆಂಗಸರ ಶಸ್ತ್ರಚಿಕಿತ್ಸೆ ಹೇಗೂ ನಡೆದಿದೆ, ಕರ್ನಾಟಕದ ಜನನ ಪ್ರಮಾಣ ಎರಡಕ್ಕಿಂತ ಕೆಳಗಿಳಿದು ವರ್ಷಗಳಾದವು, ಇನ್ನು ಯಾರಿಗೆ ತುರ್ತು? ಈ ವಾದವನ್ನು ನಾನು ಆರ್ಥಿಕ ಇಲಾಖೆಯ ಸಭೆಗಳಲ್ಲಿ ಬೇರೆ ಬೇರೆ ವೇಷದಲ್ಲಿ ಕೇಳಿದ್ದೇನೆ. ಇಪ್ಪತ್ತೈದು ತುಂಬುವ ಮೊದಲೇ ಹೊಟ್ಟೆ ಕೊಯ್ಸಿಕೊಂಡವಳ ನೋವು, ಕೂಲಿಗೆ ಹೋಗಲಾಗದ ದಿನಗಳು ಆ ಲೆಕ್ಕದ ಯಾವ ಕಲಮಿನಲ್ಲಿಯೂ ಬರುವುದಿಲ್ಲ.

ಓದುಗರಲ್ಲಿ ಯಾರೂ ಇದನ್ನೋದಿ ಔಷಧ ಅಂಗಡಿಗೆ ಧಾವಿಸಬಾರದು. ಸಿಲೊಡೊಸಿನ್ ಗರ್ಭನಿರೋಧಕವೆಂದು ಅನುಮೋದಿತವಾಗಿಲ್ಲ, ಎಲ್ಲರಲ್ಲೂ ಪ್ರತಿ ಸಲವೂ ಕೆಲಸ ಮಾಡುತ್ತದೆಂಬ ಖಾತರಿಯಿಲ್ಲ, ರಕ್ತದೊತ್ತಡ ತಗ್ಗಿ ತಲೆ ಸುತ್ತಬಹುದು. ನನ್ನ ವಯಸ್ಸಿನವರಿಗೆ ಇನ್ನೆರಡು ಮಾತುಗಳಿವೆ. ಕಣ್ಣಿನ ಪಾಪೆಯನ್ನು ಹಿಗ್ಗಿಸುವ ಸ್ನಾಯುವಿನಲ್ಲೂ ಇದೇ ಗ್ರಾಹಕವಿದೆ. ಟ್ಯಾಮ್ಸುಲೊಸಿನ್ ಸೇವಿಸುವವರಲ್ಲಿ ಕಣ್ಣಿನ ಪೊರೆ ತೆಗೆಯುವಾಗ ಆ ಪರದೆ ಜೋತುಬಿದ್ದು ತೊಡಕಾಗುತ್ತದೆಂದು ಚಾಂಗ್ ಮತ್ತು ಕ್ಯಾಂಪ್‌ಬೆಲ್ 2005ರಲ್ಲಿ ಗುರುತಿಸಿದರು. ಕೆಲವು ದಿನ ಮಾತ್ರೆ ನಿಲ್ಲಿಸಿದರೆ ಸಾಲದು, ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು. ಎರಡನೆಯದು ನೆಗಡಿಯ ಮಾತ್ರೆ. ಫೆನೈಲೆಫ್ರಿನ್, ಸ್ಯೂಡೊಎಫೆಡ್ರಿನ್ ಇರುವ ಮಾತ್ರೆಗಳು ಇದೇ ಆಲ್ಫಾ ಗ್ರಾಹಕಗಳನ್ನು ಉದ್ದೀಪಿಸಿ ಮೂಗಿನ ರಕ್ತನಾಳಗಳನ್ನು ಬಿಗಿಸುತ್ತವೆ, ಜೊತೆಗೆ ಪ್ರಾಸ್ಟೇಟನ್ನೂ ಬಿಗಿಸುತ್ತವೆ. ಮಳೆಗಾಲದ ನೆಗಡಿಗೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯಿಂದ ಮಧ್ಯರಾತ್ರಿ ಮೂತ್ರ ಕಟ್ಟಿ ಆಸ್ಪತ್ರೆ ಸೇರಿದ ಮಿತ್ರರೊಬ್ಬರು ನಮ್ಮ ಉದ್ಯಾನದ ಗುಂಪಿನಲ್ಲಿದ್ದಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾಗಲಿ ರಾಜ್ಯ ಸರ್ಕಾರವಾಗಲಿ ಶಿರಸಿಯ ಅಧ್ಯಯನವನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಲು ಹಣ ಒದಗಿಸುವುದಾದರೆ, ಮೊದಲು ಇತ್ಯರ್ಥವಾಗಬೇಕಾದ ವಿಚಾರವೊಂದಿದೆ. ಪ್ರಯೋಗದಲ್ಲಿ ಮಾತ್ರೆ ನುಂಗುವವನು ಪುರುಷ, ಅದು ವಿಫಲವಾದರೆ ಗರ್ಭ ಧರಿಸುವವಳು ಸ್ತ್ರೀ. ಒಪ್ಪಿಗೆಯ ಪತ್ರಕ್ಕೆ ಯಾರ ಸಹಿ ಬೇಕು, ವಿಫಲವಾದಾಗ ಗರ್ಭಪಾತದ ಅಥವಾ ಹೆರಿಗೆಯ ಹೊಣೆ ಯಾರದು, ಪರಿಹಾರ ಯಾರ ಖಾತೆಗೆ ಸೇರಬೇಕು? ಸಾಮಾನ್ಯ ಔಷಧ ಪ್ರಯೋಗದ ನಮೂನೆಗಳು ಮಾತ್ರೆ ಸೇವಿಸುವವರೊಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದವು. ಈ ಪ್ರಯೋಗದ ನಮೂನೆಯಲ್ಲಿ ಇಬ್ಬರ ಹೆಸರಿಗೂ ಸ್ಥಳವಿರಬೇಕು, ಹೆಂಡತಿಯ ಸಹಿಯನ್ನು ಗಂಡನ ಎದುರಿಗಲ್ಲದೆ ಪ್ರತ್ಯೇಕವಾಗಿ ಪಡೆಯಬೇಕು.